ಮೋಟಾರ್ ಸೈಕಲ್ಲಿನ ಹಿಂದೆ ದೋಣಿ

ಹೈದರಾಬಾದಿನಲ್ಲಿ ನಾವು ಕುಡಿಯುವ ನೀರಿನಲ್ಲಿ ಬೀದರ ಜಿಲ್ಲೆಯನ್ನು ಹಾದುಬಂದ ಮಂಜಿರೆಯ ಪಾಲೂ ಉಂಟು. ಆ ನದಿಗೆ ಸಿಂಗೂರಿನಲ್ಲಿ ಅಣೆಕಟ್ಟಿದೆ. ಅಲ್ಲಿ ಗಾಳ ಹಾಕೋಣವೆಂದು ನಮ್ಮ ಕಚೇರಿಯ ಮಿತ್ರರೊಬ್ಬರು ಹೊರಡಿಸಿದರು. ಅವರಲ್ಲಿ ಕಯಾಕ್ ಎಂಬ ಹತ್ತಡಿಯ ಪ್ಲಾಸ್ಟಿಕ್ ದೋಣಿಯಿದೆ. ಕಾರಿಲ್ಲ, ಮೋಟಾರ್ ಸೈಕಲ್ಲಿದೆ.

ಎರಡು ಗಾಲಿಯ ಗಾಡಿ ಮಾಡಿಸಿ, ದೋಣಿಯನ್ನು ಬಿಗಿದು, ಮೊದಲು ನಮ್ಮ ಓಣಿಯಲ್ಲೇ ಎಳೆದು ನೋಡಿದೆವು. ಭಾರ ಅಚ್ಚಿನಿಂದ ತುಸು ಮುಂದಿರಬೇಕು. ಹಿಂದೆ ಸರಿದರೆ ಗಾಡಿ ಬಾಲದಂತೆ ಓಲಾಡುತ್ತದೆ. ಅದನ್ನು ಸರಿಪಡಿಸಿದ್ದಾಯಿತು. ಆದರೆ ತಿರುವಿನಲ್ಲಿ ಅದರ ಗಾಲಿ ಒಳಮಗ್ಗುಲಿಗೆ ಹಾದು ಚರಂಡಿಯ ಕಲ್ಲನ್ನೇರಿತು. ಬ್ರೇಕು ಹಾಕಿದರೆ ದೋಣಿ ಹಿಂದಿನಿಂದ ನೂಕುವುದು! ಓಣಿಯಲ್ಲೇ ಹೀಗಾದರೆ, ಸಂಗಾರೆಡ್ಡಿಯ ಹೆದ್ದಾರಿಯಲ್ಲಿ, ಲಾರಿಗಳ ನಡುವೆ? ಮಕ್ಕಳೊಂದಿಗರು ನಾವು. ಮಿತ್ರರು ಮುಖ ಚಿಕ್ಕದು ಮಾಡಿಕೊಂಡರೂ ದೋಣಿಯನ್ನು ಟ್ರಾಲಿ ಆಟೋಕ್ಕೇರಿಸಿ, ನಾವು ಹಿಂದೆ ಹೊರಟೆವು. ಬಾಡಿಗೆ ಹಂಚಿಕೊಂಡೆವೆನ್ನಿ.

ದಂಡೆಯ ಮೀನುಗಾರರನ್ನು ಕೇಳಿಯೇ ನೀರಿಗಿಳಿದೆವು. ಅದು ಅವರ ಅನ್ನ. ತೇಲುವ ಅಂಗಿ ತೊಟ್ಟು ಒಬ್ಬೊಬ್ಬರಾಗಿ ಹೋಗಿಬಂದೆವು. ಸಿಕ್ಕಿದ್ದು ಎರಡು ಜಿಲೇಬಿ ಮೀನು.

ಅಲ್ಲಿದ್ದುದು ತೆಲುಗಿನವರು ಪುಟ್ಟಿ ಎನ್ನುವ ನಮ್ಮ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಬಣ್ಣಿಸಿದ ಬುಟ್ಟಿದೋಣಿಯೇ. ಆಗ ತೊಗಲಿನ ಹೊದಿಕೆ, ಈಗ ಪ್ಲಾಸ್ಟಿಕ್ಕು. ನಮ್ಮ ಮಾತು ಕೇಳಿದ ಮುದುಕರೊಬ್ಬರು "ಬೀದರ ಕಡಿಯವರೇನ್ರಿ?" ಎಂದು ನಕ್ಕು, ತಮ್ಮ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಊರ ಕಡೆ ನಡೆದರು.