ಬೇಳೆ ಬೇಯದ ನೀರು

ಕಾರಿನ ವಿಷಯ ಬರೆಯಲು ನಾನು ಎಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ 1984ರಲ್ಲಿ ಮೈಸೂರು ಕಡೆಯಿಂದ ತಿರುಪ್ಪೂರಿಗೆ ಬಂದು, ಬನಿಯನ್ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನು. ಆದರೂ ಹೋದ ವರ್ಷ ಬೇಸಿಗೆಯಲ್ಲಿ ನಡೆದದ್ದನ್ನು ಬಂಧುಗಳಿಗೆ ತಿಳಿಸೋಣವೆನಿಸಿತು. ನಾನು ಮಾಡಿದ ತಪ್ಪನ್ನೇ ಮಾಡುತ್ತಿರುವವರು ನಮ್ಮವರಲ್ಲಿ ಇನ್ನೂ ಇದ್ದಾರು.

ನಮ್ಮ ಕಾರಿಗೆ ಒಂಬತ್ತು ವರ್ಷ. ಪೇಟೆಯ ಗದ್ದಲದಲ್ಲಿ ನಿಂತು ಸಾಗುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಹತ್ತಿರದ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅಲ್ಲಿಯ ಹುಡುಗ ಥರ್ಮೋಸ್ಟಾಟ್ ಎಂಬ ಸಣ್ಣ ವಸ್ತುವನ್ನು ಕಿತ್ತು ನನ್ನ ಕೈಗಿಟ್ಟು, “ನಮ್ಮೂರ ಸೆಕೆಗೆ ಇದು ಬೇಡಣ್ಣಾ” ಎಂದ. ಮುಳ್ಳು ಇಳಿಯಿತು. ಅಗ್ಗದಲ್ಲಿ ಕೆಲಸವಾಯಿತೆಂದು ಹಿಗ್ಗಿದೆ. ಎಂಜಿನ್ ಹದಕ್ಕೆ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಆಮೇಲೆ ಬಾಗಿಲು ತೆರೆಯುವುದು ಅದರ ಕೆಲಸ. ಅದನ್ನು ತೆಗೆದದ್ದರಿಂದ ರೋಗ ಹೋಗಲಿಲ್ಲ, ಮರೆಯಾಯಿತು ಅಷ್ಟೆ.

ಏಪ್ರಿಲಿನಲ್ಲಿ ಮನೆಮಂದಿಯೆಲ್ಲ ಕನಕಗಿರಿಯ ದರ್ಶನಕ್ಕೆ ಹೊರಟೆವು. ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲ ದಾಟಿ, ಬಣ್ಣಾರಿಯಿಂದ ದಿಂಬಂ ಘಾಟಿ. ಒಟ್ಟು 27 ತಿರುವು. ಮುಂದೆ ಲೋಡಾದ ಲಾರಿ, ಅದರ ಹಿಂದೆ ನಾವು ಫಸ್ಟ್ ಗೇರಿನಲ್ಲಿ. ಅರ್ಧ ಏರುವಷ್ಟರಲ್ಲಿ ಮುಳ್ಳು ಕೆಂಪಿಗೆ ಬಂತು. ಮಗ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದ. “ಏನೋ ಇದು, ಉರಿಯೋ ಬೆಂಕಿಗೆ ತುಪ್ಪ ಸುರೀತೀಯಾ?” ಎಂದು ರೇಗಿದೆ. ಹೀಟರಿನೊಳಗೂ ಎಂಜಿನ್ನಿನ ಬಿಸಿನೀರೇ ಹರಿಯುತ್ತದೆ, ಅದು ಆ ಬಿಸಿಯನ್ನು ಕಾರಿನೊಳಕ್ಕೆ ಎಳೆದುಕೊಳ್ಳುತ್ತದೆ ಎಂಬುದು ನನಗೆ ಆಗ ತಿಳಿಯದು. ನಾವೆಲ್ಲ ಬೆವರಿನಲ್ಲಿ ತೊಯ್ದೆವು, ಮುಳ್ಳು ಒಂದಿಷ್ಟು ಇಳಿಯಿತು. ಮುಂದಿನ ತಿರುವಿನ ಅಗಲ ಜಾಗದಲ್ಲಿ ನಿಲ್ಲಿಸಿದೆವು.

ಅದು ಹುಲಿ ಸಂರಕ್ಷಿತ ಕಾಡು, ಇಳಿಯುವ ಜಾಗವಲ್ಲ. ಆತುರದಲ್ಲಿ ನಾನು ಇಳಿದೆ. ಬಾನೆಟ್ ಎತ್ತಿ, ಹೆಗಲ ಟವಲನ್ನು ರೇಡಿಯೇಟರ್ ಮುಚ್ಚಳದ ಮೇಲಿಟ್ಟು ತಿರುಗಿಸಲು ಹೋದೆ. ಮಗ ಓಡಿಬಂದು ಕೈ ಹಿಡಿದೆಳೆದ. “ಅಪ್ಪಾಜಿ, ಸೀಟಿ ಹೊಡೆಯೋ ಕುಕ್ಕರಿನ ಮುಚ್ಚಳ ತೆಗೀತೀರಾ?” ತಿರುಗಿ ನೋಡಿದರೆ ಏಳು ವರ್ಷದ ಮೊಮ್ಮಗ ನನ್ನ ಪಕ್ಕದಲ್ಲೇ ನಿಂತಿದ್ದಾನೆ. ಅವನ ಮುಖ ಆ ಮುಚ್ಚಳದ ಮಟ್ಟಕ್ಕೇ ಇತ್ತು. ಅದನ್ನು ನೆನೆದರೆ ಇವತ್ತಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ಮಗ ಹೇಳಿದ ಹೋಲಿಕೆ ಸರಿಯಾದದ್ದೇ. ಆ ಮುಚ್ಚಳದ ಸ್ಪ್ರಿಂಗು ಕುಕ್ಕರಿನ ಗುಂಡಿನಂತೆ ಒತ್ತಡ ಹಿಡಿದಿಡುತ್ತದೆ. ಅದರಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ತೆರೆದೊಡನೆ ಒತ್ತಡ ಹೋಗಿ, ಒಮ್ಮೆಲೇ ಕುದಿದು ಮೇಲಕ್ಕೆ ಚಿಮ್ಮುತ್ತದೆ.

ಮುಕ್ಕಾಲು ಗಂಟೆ ಕಾರಿನೊಳಗೆ ಕುಳಿತೆವು. ಆಮೇಲೆ ನಮ್ಮ ಮನೆಯವರು ಕುಡಿಯಲೆಂದು ಸೋಸಿ ತಂದಿದ್ದ ಕ್ಯಾನಿನ ನೀರನ್ನೇ ಮಗ ನಿಧಾನವಾಗಿ ಹುಯ್ದ. ಏರುವ ಆಸೆ ಬಿಟ್ಟು ಹಿಂದಿರುಗಿದೆವು. ಸೂರ್ಯಾಸ್ತಕ್ಕೆ ಮೊದಲು ಬಣ್ಣಾರಿಯಲ್ಲಿ ಬುತ್ತಿ ಬಿಚ್ಚಿ ಉಂಡದ್ದಾಯಿತು. ಯಾರೂ ಮಾತಾಡಲಿಲ್ಲ.

ಕೊಯಮತ್ತೂರು ಪಂಪುಗಳ ಊರು. ನೀರು, ಮೋಟಾರು ಬಲ್ಲ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. ಪರಿಚಯದವರು ತೋರಿಸಿದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಸ್ಪ್ಯಾನರ್ ಹಿಡಿಯುವ ಮೊದಲು ವೈದ್ಯರಂತೆ ಕೇಳಿದರು: ನಿಂತಾಗ ಬಿಸಿಯೋ, ಏರುವಾಗಲೋ? ನೀರು ಎಷ್ಟು ದಿನಕ್ಕೆ ಇಳಿಯುತ್ತದೆ? ಫ್ಯಾನ್ ತಿರುಗುವುದನ್ನು ನೋಡಿದರು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದೆಯೆಂದೇ ತಿಳಿಯಬೇಕಂತೆ. ಪುಣ್ಯಕ್ಕೆ ಹಾಗಿರಲಿಲ್ಲ. ಎಂಜಿನ್ ಸ್ವಲ್ಪ ಓಡಿಸಿ ನಿಲ್ಲಿಸಿ, ರೇಡಿಯೇಟರಿನ ಮೇಲೆ ಅಂಗೈ ಆಡಿಸಿ, ನನ್ನಿಂದಲೂ ಮುಟ್ಟಿಸಿದರು. ಮೇಲೆ ಬಿಸಿ, ಕೆಳಗೆ ಅಲ್ಲಲ್ಲಿ ತಣ್ಣಗೆ. ಆ ತಣ್ಣಗಿರುವ ಕಡೆ ನಳಿಗೆಗಳು ಮುಚ್ಚಿಹೋಗಿದ್ದವು.

“ಯಾವ ನೀರು ಹಾಕ್ತಿದ್ದೀರಿ?”

ಕೊಳವೆಬಾವಿಯ ಉಪ್ಪುನೀರು! ತಿರುಪ್ಪೂರಿನಲ್ಲಿ ಸಿಹಿನೀರು ನಲ್ಲಿಯಲ್ಲಿ ಬಿಟ್ಟು ಬಿಟ್ಟು ಬರುವಂಥದ್ದು. ಅದನ್ನು ಕಾರಿಗೆ ಯಾರು ಹಾಕುತ್ತಾರೆ? ಕೂಲೆಂಟ್ ಕೊಳ್ಳಿರೆಂದು ಮಗ ಎಷ್ಟೋ ಸಲ ಹೇಳಿದ್ದ. ನೀರಿಗೂ ದುಡ್ಡು ಕೊಡಬೇಕೇ ಎಂದು ನಾನೇ ತಳ್ಳಿಹಾಕಿದ್ದೆ. ನಮ್ಮ ಮನೆಯವರಿಗೆ ಹೇಳಿದಾಗ, “ಬೇಳೆ ಬೇಯದ ನೀರನ್ನ ಕಾರಿಗೆ ಹುಯ್ದಿರಾ? ಹಂಡೆಯೊಳಗೆ ಕಟ್ಟೋ ಬಿಳಿ ಪಾಚಿ ನೋಡಿಲ್ವೇನ್ರೀ?” ಎಂದರು. ನಲವತ್ತು ವರ್ಷದಿಂದ ಆ ಹಂಡೆಯ ನೀರಿನಲ್ಲೇ ಸ್ನಾನ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ.

ಹಿಂದಿನ ಕಾರುಗಳ ಹಿತ್ತಾಳೆ, ತಾಮ್ರದ ರೇಡಿಯೇಟರನ್ನು ಬೆಸುಗೆ ಬಿಡಿಸಿ, ಕಂಬಿ ತೂರಿಸಿ ಶುದ್ಧಿ ಮಾಡುತ್ತಿದ್ದರು. ನಮ್ಮದು ಅಲ್ಯೂಮಿನಿಯಂ, ಎರಡು ಬದಿಗೂ ಪ್ಲಾಸ್ಟಿಕ್ ತೊಟ್ಟಿ. ಹೊಸದನ್ನೇ ಹಾಕಿಸಬೇಕಾಯಿತು. ಥರ್ಮೋಸ್ಟಾಟೂ ಮರಳಿ ಸ್ವಸ್ಥಾನ ಸೇರಿತು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿಸಿದರು. ಬಿಲ್ಲಿನ ಮೊತ್ತ ಬರೆಯುವುದಿಲ್ಲ. ಅಷ್ಟು ಹಣಕ್ಕೆ ಎಷ್ಟು ಡಜನ್ ಬನಿಯನ್ ಬರುತ್ತದೆಂದು ಲೆಕ್ಕ ಹಾಕಿ ಸುಮ್ಮನಾದೆ.

ಆ ಹಿರಿಯರು ಇನ್ನೊಂದು ಮಾತು ಹೇಳಿದರು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಹಳೆಯದನ್ನು ಚರಂಡಿಗೆ ಬಿಡದೆ ಡಬ್ಬಿಗೆ ಹಿಡಿಯುತ್ತಾರೆ. ಇದು ನಮ್ಮಂಥವರು ಮೊದಲೇ ತಿಳಿದಿರಬೇಕಾದ ವಿಷಯ. ಮನೆಯಲ್ಲಿರುವ ಡಬ್ಬಿ ಈಗ ಬೀರುವಿನ ಮೇಲೆ, ಮೊಮ್ಮಗನ ಕೈಗೆ ಎಟುಕದ ಕಡೆ ಇದೆ.

ನವೆಂಬರಿನಲ್ಲಿ ಮತ್ತೆ ದಿಂಬಂ ಏರಿ ಕನಕಗಿರಿಗೆ ಹೋಗಿಬಂದೆವು. ಮೊಮ್ಮಗ ತಿರುವುಗಳನ್ನು ಎಣಿಸುತ್ತ, “ತಾತಾ, ಕಾಡು ನೋಡು” ಎನ್ನುತ್ತಲೇ ಇದ್ದ. ನಾನು 27 ತಿರುವೂ ಆ ಮುಳ್ಳನ್ನೇ ನೋಡುತ್ತ ಕುಳಿತಿದ್ದೆ. ಅದು ನಡುವಿನಿಂದ ಅಲುಗಲಿಲ್ಲ.