ಇಳಿದವನು ಏರಬೇಕು

ಬೆಟ್ಟವನ್ನೇರುವವನಿಗೆ ಆಯಾಸವೇ ಹಿತೈಷಿ. ಕಾಲು ಸೋತರೆ ಹಿಂದಿರುಗಿದರಾಯಿತು. ಇಳಿಜಾರು ತಾನಾಗಿ ಕೆಳಗೆ ಮುಟ್ಟಿಸುತ್ತದೆ. ಅಮೆರಿಕದ ಅರಿಜೋನಾ ಸಂಸ್ಥಾನದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದಲ್ಲಿ ಈ ಲೆಕ್ಕವೇ ತಲೆಕೆಳಗು.

1919ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಂದರದ ದಕ್ಷಿಣದ ಅಂಚಿನಿಂದ ‘ಬ್ರೈಟ್ ಏಂಜೆಲ್’ ಕಾಲುದಾರಿ ಕೊಲರಾಡೊ ನದಿಯವರೆಗೆ ಸುಮಾರು 4,400 ಅಡಿ ಇಳಿಯುತ್ತದೆ. ರಜೆಗೆಂದು ಬಂದ ಸಂಸಾರಗಳು ಮುಂಜಾನೆಯ ತಂಪಿನಲ್ಲಿ ಹೊರಡುತ್ತವೆ. ಮಕ್ಕಳು ಓಡುತ್ತಾರೆ, ಹಿರಿಯರು ವಯಸ್ಸನ್ನು ಮರೆಯುತ್ತಾರೆ. ಸುಣ್ಣಕಲ್ಲು, ಮರಳುಗಲ್ಲು, ಕೆಂಬಂಡೆಗಳ ಪದರಗಳನ್ನು ದಾಟಿ ತಳ ಮುಟ್ಟಿದರೆ ಸುಮಾರು 170 ಕೋಟಿ ವರ್ಷಗಳ ಕಪ್ಪು ಶಿಲೆ. ಅದರ ಹೆಸರು ‘ವಿಷ್ಣು ಶಿಸ್ಟ್’! ವಿಷ್ಣು ಅಲ್ಲಿಗೆ ಹೇಗೆ ಬಂದನೆಂದು ವಾಚಕರು ಬೆರಗಾಗಬೇಕಿಲ್ಲ. ಅಲ್ಲಿನ ಶಿಖರಗಳಿಗೆ ವಿಷ್ಣು, ಶಿವರ ಹೆಸರಿಟ್ಟವನು ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್.

ಆದರೆ ಇಳಿದಷ್ಟೂ ಸೆಕೆ ಹೆಚ್ಚು. ಬೇಸಗೆಯಲ್ಲಿ ತಳದ ನೆರಳಿನಲ್ಲಿಯೂ ಉಷ್ಣಾಂಶ ನಲವತ್ತು ಡಿಗ್ರಿ ಮೀರುವುದುಂಟು. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟಾದರೂ ಏರಲು ಬೇಕು. ಅದೂ ನಡುಹಗಲ ಬಿಸಿಲಿನಲ್ಲಿ, ಬರಿದಾಗುತ್ತಿರುವ ನೀರಿನೊಡನೆ. ನದಿಗಿಳಿದು ಅದೇ ದಿನ ಮರಳುವ ಸಾಹಸ ಬೇಡವೆಂದು ಉದ್ಯಾನದವರು ಎಚ್ಚರಿಸುತ್ತಲೇ ಇರುತ್ತಾರೆ. ಪ್ರಾಣ ತೆತ್ತವರೂ ಇದ್ದಾರೆ. ಅಲ್ಲಿ ಧೈರ್ಯವೆಂದರೆ, ಕಾಲಿನಲ್ಲಿ ಇನ್ನೂ ಕಸುವಿರುವಾಗಲೇ ಹಿಂದಿರುಗುವುದು.

ನದಿ ಇನ್ನೂ ದೂರವಿರುವಾಗಲೇ ತಂದೆ “ಸಾಕು, ಮಗು, ತಿರುಗೋಣ” ಎಂದರೆ ಮಗನ ಮುಖ ಬಾಡುತ್ತದೆ. ಮಾತಿಲ್ಲದೆ ಮುಂದೆ ಮುಂದೆ ಏರುತ್ತಾನೆ. ಕೊನೆಯ ತಿರುವುಗಳಲ್ಲಿ ಮಾತ್ರ ನಿಂತು, ನೀರಿಗಾಗಿ ತಂದೆಯತ್ತ ಕೈ ಚಾಚುತ್ತಾನೆ.