ಬೀದರಿನಲ್ಲಿ ಒಂದು ಹಗಲು

ಕೋಟೆಯೂರು ಎಂದರೆ ಪರದೇಶದಲ್ಲೇ ಇರಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಫ್ರಾನ್ಸಿನ ಕಾರ್ಕಸೋನಿನ ಎರಡು ಸುತ್ತಿನ ಗೋಡೆಗಳನ್ನು ನೋಡಿ ಬಂದವರು ಆಲ್ಬಮ್ ತೆರೆದು ತೋರಿಸುತ್ತಾರೆ. 19ನೇ ಶತಮಾನದಲ್ಲಿ ದುರಸ್ತಿ ಮಾಡಿಸದೆ ಹೋಗಿದ್ದರೆ ಅದೂ ಹಾಳುಬಿದ್ದು ಹೋಗುತ್ತಿತ್ತು. ನಮ್ಮ ಬೀದರ್ ಕೋಟೆಗೆ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕವಿದೆ. ಅದನ್ನು ನೋಡಲು ಪಾಸ್‌ಪೋರ್ಟ್ ಬೇಡ. ಭಾಲ್ಕಿಯಿಂದ ಬೆಳಗಿನ ರೈಲು, ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು.

ಇವರ ಊರು ಭಾಲ್ಕಿ, ನಮ್ಮ ತವರು ಔರಾದ್. ಇವರು ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದವರು, ನಮ್ಮ ನೌಕರಿ ಕನ್ನಡ ಶಾಲೆಯಲ್ಲಿತ್ತು. ಇಬ್ಬರೂ ನಿವೃತ್ತರಾಗಿ, ಮಕ್ಕಳು ಅವರವರ ದಾರಿ ಹಿಡಿದ ಮೇಲೆ, ಆಸ್ಪತ್ರೆ, ಕಚೇರಿ, ಮದುವೆ ಯಾವ ಕೆಲಸವೂ ಇಲ್ಲದೆ ಬೀದರಿಗೆ ಹೊರಟದ್ದು ಇದೇ ಮೊದಲು. ಕೆಲಸವಿಲ್ಲ ಎಂದೆವು, ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. "ದಾದಾ, ನಿಮ್ಮ ದಾದಾ ತೀರಿಕೊಂಡದ್ದು 1948 ಅಂತ ಬರ್ದೀರಿ. ಹೇಗೆ ತೀರಿಕೊಂಡರು?" ಎಂದು ಅವಳು ಫೋನಿನಲ್ಲಿ ಕೇಳಿದ್ದಳು. "ಆಮೇಲೆ ಹೇಳ್ತೀನಿ ಬೇಟಾ" ಎಂದು ಇವರು ಫೋನ್ ಇಟ್ಟಿದ್ದರು.

ಮೊದಲು ಮಹಮೂದ್ ಗವಾನರ ಮದರಸಾಕ್ಕೆ ಹೋದೆವು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವರು ಗವಾನ್. 1472ರಲ್ಲಿ ಅವರು ಕಟ್ಟಿಸಿದ ಈ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ವಸತಿ ಎಲ್ಲವೂ ಇದ್ದವು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಉರುಳಿತು. ಉಳಿದ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ.

ಗವಾನರ ಅಂತ್ಯ ಮಾತ್ರ ದಾರುಣವಾದುದು. ವೈರಿಗಳು ಅವರ ಮುದ್ರೆಯಿದ್ದ ಖಾಲಿ ಕಾಗದವೊಂದನ್ನು ಪಡೆದು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ವಿಚಾರಿಸುವ ತಾಳ್ಮೆಯೂ ಇಲ್ಲದೆ ಸುಲ್ತಾನ ಮೂರನೇ ಮುಹಮ್ಮದ್ ಷಾ 1481ರಲ್ಲಿ ಆ ಮುದುಕರ ತಲೆ ತೆಗೆಸಿದ. ಸತ್ಯ ತಿಳಿದು ಪರಿತಪಿಸಿದ ಆತ ಮರುವರ್ಷವೇ ತೀರಿಕೊಂಡ. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಒಂದು ಸುಳ್ಳು ಕಾಗದಕ್ಕೆ ಇಷ್ಟು ಶಕ್ತಿಯಿದ್ದರೆ, ಇಂದು ಗಳಿಗೆಗೆ ನೂರರಂತೆ ಫೋನಿಗೆ ಬಂದು ಬೀಳುವ ಕಾಗದಗಳ ಗತಿಯೇನು? ಮಿನಾರಿನ ನೆರಳಿನಲ್ಲಿ ನಿಂತಾಗ ನಮಗೆ ಈ ಯೋಚನೆ ಬಂತು.

ಅಲ್ಲಿಂದ ಕೋಟೆಗೆ. ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಸುಮಾರು ಆರು ನೂರು ವರ್ಷಗಳಾದವು. ಸೋಲಾ ಖಂಬಾ ಮಸೀದಿಯ ದುಂಡು ಕಂಬಗಳನ್ನೂ, ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನೂ ನೋಡಿ, ಕೋಟೆ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಇವರು ಆ ಮಾತನ್ನು ತೆಗೆದದ್ದು ಅಲ್ಲಿ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಕೆಲವೇ ದಿನಗಳಲ್ಲಿ ಇವರ ದಾದಾ ಕೊಲೆಯಾದರು. ಹೊಲಕ್ಕೆ ಹೋದವರು ಮರಳಿ ಬರಲಿಲ್ಲ. ದಾದಿಯನ್ನೂ ಹತ್ತು ವರ್ಷದ ಮಗನನ್ನೂ ಪಕ್ಕದ ಲಿಂಗಾಯತರ ಮನೆಯವರು ಕಾಳಿನ ಕೋಣೆಯಲ್ಲಿ ಹನ್ನೊಂದು ದಿನ ಬಚ್ಚಿಟ್ಟು ಉಳಿಸಿದರು. ಸರಕಾರ ಕಳಿಸಿದ ಸುಂದರ್‌ಲಾಲ್ ಸಮಿತಿ ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತ್ತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಬರೆದಿತ್ತು. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ನಮ್ಮ ಮನೆಯಲ್ಲೂ ಆ ಮಾತು ಹಾಗೆಯೇ ಉಳಿದಿತ್ತು.

ಔರಾದಿನ ನಮ್ಮ ತವರಿನಲ್ಲಿ ಇನ್ನೊಂದು ಕಥೆಯಿದೆ. ರಜಾಕಾರರ ಹಾವಳಿಗೆ ಹೆದರಿ ಎದುರು ಮನೆಯವರು ರಾತ್ರೋರಾತ್ರಿ ಊರು ಬಿಟ್ಟಾಗ, ಅವರ ದನಗಳಿಗೆ ಮೇವು ಹಾಕಿ ಕಾಯ್ದವರು ನಮ್ಮ ನಾನಾ. ಅದೇ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಈ ಜಿಲ್ಲೆ ಮರೆತಿಲ್ಲ, ಮರೆಯಬಾರದು ಕೂಡ. ಇವರ ದಾದಾನ ಸಾವನ್ನು ಹೇಳಿ ಗೋರ್ಟಾವನ್ನು ಬಿಟ್ಟರೆ ಅದು ಅರ್ಧ ಸತ್ಯ. ಗೋರ್ಟಾವನ್ನು ಹೇಳಿ ದಾದಾನ ಸಾವನ್ನು ಬಿಟ್ಟರೂ ಅರ್ಧ ಸತ್ಯವೇ. "ಹುಡುಗಿ ಸಣ್ಣಾಕಿ. ಮನಸ್ಸಿನಾಗ ದ್ವೇಷ ಹೊಕ್ಕರೆ?" ಎಂದರು ಇವರು. "ನಾವು ಹೇಳದಿದ್ದರೆ ಮತ್ಯಾರೋ ಹೇಳ್ತಾರ. ಅವರು ಕಾಳಿನ ಕೋಣೆ ಬಿಟ್ಟು ಹೇಳ್ತಾರ" ಎಂಬುದು ನಮ್ಮ ಮಾತಾಗಿತ್ತು.

ಮಧ್ಯಾಹ್ನದ ಮೇಲೆ ಆಟೋ ಹಿಡಿದು ಅಷ್ಟೂರಿನ ಗುಂಬಜುಗಳಿಗೆ ಹೋದೆವು. ಹುಮಾಯೂನ್ ಷಾನ ಗೋರಿ ಅರ್ಧ ಸೀಳಿ ನಿಂತಿದೆ. ಅಹ್ಮದ್ ಷಾ ವಲಿಯ ಗೋರಿಯ ಒಳಗೆ ಚಿನ್ನ ಮತ್ತು ಬಣ್ಣದ ಬರಹಗಳಿವೆ. ಇಲ್ಲಿನ ಉರುಸು ನಡೆಯುವುದು ಹಿಂದೂ ಪಂಚಾಂಗದ ತಿಥಿಯಂತೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಅದನ್ನು ನಡೆಸಿಕೊಡುತ್ತಾರೆ. ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ಭಕ್ತರಿದ್ದಾರೆ. 1948 ಕೂಡ ಈ ಪದ್ಧತಿಯನ್ನು ಮುರಿಯಲಿಲ್ಲ ಎನ್ನುವುದು ಸಣ್ಣ ಮಾತಲ್ಲ.

ಸಂಜೆ ಪೇಟೆಯಲ್ಲಿ ಮೊಮ್ಮಗಳಿಗೆಂದು ಬಿದ್ರಿಯ ಸಣ್ಣ ಡಬ್ಬಿಯೊಂದನ್ನು ಕೊಂಡೆವು. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿ ಕೂಡಿಸಿ, ಕೊನೆಗೆ ಕೋಟೆಯ ಹಳೆ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಭಾಲ್ಕಿ ಎಂದರೆ ಹಿರೇಮಠದ ಚನ್ನಬಸವ ಪಟ್ಟದ್ದೇವರ ಊರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿ ಒಳಗೆ ಕನ್ನಡ ಕಲಿಸಿದರೆಂದು ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ನಮ್ಮ ಮನೆಯಲ್ಲಿ ಈಗ ಉರ್ದುವೂ ಕನ್ನಡವೂ ಒಳಗೇ ಇವೆ, ಹೊರಗೆ ಬೇರೆ ಫಲಕ ಹಾಕುವ ಅಗತ್ಯವಿಲ್ಲ. ಆ ಭಾನುವಾರ ಇವರು ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದರು: ಹೊಲಕ್ಕೆ ಹೋದ ದಾದಾ, ಕಾಳಿನ ಕೋಣೆ, ಗೋರ್ಟಾ, ಔರಾದಿನ ದನಗಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಳಿನ ಕೋಣೆಯ ಮನೆಯವರ ಹೆಸರೂ ವಂಶವೃಕ್ಷದಲ್ಲಿ ಬರೀಲಾ?" ಎಂದು ಕೇಳಿದಳು. ಬರೆಯೆಂದೆವು.